ತಂಡದ ಕೆಲಸ ಯಾಕೆ ಏರುತ್ತೆ, ಯಾಕೆ ಇಳಿಯುತ್ತೆ: ನೀವೇ ಕಂಡುಹಿಡಿಯುವ ಬಗೆ

"ಆರು ತಿಂಗಳ ಹಿಂದೆ ನಮ್ಮ ಟೀಮ್ ಚೆನ್ನಾಗಿತ್ತು. ಈಗ ಏನೂ ಮುಗೀತಿಲ್ಲ. ಏನು ಮಾಡಲಿ?"

ಈ ಪ್ರಶ್ನೆ ನನಗೆ ಬರುತ್ತಲೇ ಇದೆ. ಕೇಳುವವರು ಕೆಲವೊಮ್ಮೆ ಟೀಮ್ ಲೀಡ್, ಕೆಲವೊಮ್ಮೆ ಹೊಸದಾಗಿ ಮ್ಯಾನೇಜರ್ ಆದವರು, ಕೆಲವೊಮ್ಮೆ ತಂಡದೊಳಗೇ ಇದ್ದು ಬೇಸತ್ತವರು. ಎಲ್ಲರಿಗೂ ನಾನು ತಿರುಗಿ ಕೇಳುವುದು ಒಂದನ್ನೇ: ಆಗ ಚೆನ್ನಾಗಿತ್ತು ಅಂತ ಹೇಗೆ ಗೊತ್ತು? ಅಲ್ಲಿಗೆ ಮಾತು ನಿಲ್ಲುತ್ತೆ. ಯಾಕೆಂದರೆ ಹೆಚ್ಚಿನವರ ಹತ್ತಿರ ಇರುವುದು ನೆನಪು ಮಾತ್ರ. ನೆನಪಿಗೆ ಒಳ್ಳೆಯ ತಿಂಗಳುಗಳು ಮಾತ್ರ ಸಿಗುತ್ತವೆ, ಅಥವಾ ಹೋದ ವಾರದ ಜಗಳ.

ತಂಡದ ಸಾಮರ್ಥ್ಯ ಒಂದೇ ಮಟ್ಟದಲ್ಲಿ ನಿಲ್ಲುವ ವಸ್ತು ಅಲ್ಲ. ತಂಡ ಹುಟ್ಟಿದಾಗ ಒಂದು ಥರ, ಹಳೆಯದಾದಾಗ ಇನ್ನೊಂದು ಥರ, ಹೊಸಬರು ಬಂದಾಗ ಮತ್ತೊಂದು ಥರ. ಈ ಏರಿಳಿತಕ್ಕೆ ಕಾರಣ ಬಹಳ ಸಲ ಯಾರದೋ ಸೋಮಾರಿತನ ಆಗಿರುವುದಿಲ್ಲ. ಆದರೆ ನಾವು ಮೊದಲು ಹುಡುಕುವುದು ಅದನ್ನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಬರೆ ಎಳೆಯುವ ಮುಂಚೆ ಜ್ವರ ಯಾರಿಗೆ ಅಂತ ನೋಡುವ ದಾರಿ ಇದು.

ಏನೇನು ಬೇಕು

ಹೋದ 24 ವಾರಗಳ ಕೆಲಸದ ದಾಖಲೆ. ಅಷ್ಟು ಇಲ್ಲದಿದ್ದರೆ 12 ವಾರದ್ದಾದರೂ ಇರಲಿ, ಅದೂ ಇಲ್ಲದಿದ್ದರೆ ಇವತ್ತಿಂದ ಶುರುಮಾಡಿ. ಒಂದು ಗ್ರಾಫ್ ಹಾಳೆ, ಅಥವಾ ಎಕ್ಸೆಲ್. ತಂಡದ ಕ್ಯಾಲೆಂಡರ್. ತಂಡಕ್ಕೆ ಯಾರು ಯಾವ ತಿಂಗಳು ಸೇರಿದರು ಎಂಬ ಪಟ್ಟಿ. ಆಮೇಲೆ ಮುಖ್ಯವಾಗಿ, ಎರಡು ಮೂರು ತಿಂಗಳು ಕಾಯುವ ತಾಳ್ಮೆ. ದುಬಾರಿ ಸಾಫ್ಟ್‌ವೇರ್ ಬೇಡ. ಅದನ್ನು ಕೊಂಡವರು ಅದನ್ನು ಕಲಿಯುವುದರಲ್ಲೇ ಒಂದು ತಿಂಗಳು ಕಳೆಯುತ್ತಾರೆ.

1. ಏನನ್ನು ಅಳೆಯುತ್ತೀರಿ ಅಂತ ತೀರ್ಮಾನಿಸಿ

ಮೂರು ಲೆಕ್ಕ ಸಾಕು.

ಮೊದಲನೆಯದು, ವಾರಕ್ಕೆ ಎಷ್ಟು ಕೆಲಸ ಮುಗಿಯಿತು. ಮುಗಿಯಿತು ಅಂದರೆ ಬೇಕಾದವರ ಕೈಗೆ ತಲುಪಿತು ಅಂತ. "ಮುಕ್ಕಾಲು ಆಗಿದೆ" ಅನ್ನುವುದು ಲೆಕ್ಕಕ್ಕಿಲ್ಲ.

ಎರಡನೆಯದು, ಒಂದು ಕೆಲಸ ಕೈಗೆತ್ತಿಕೊಂಡ ದಿನದಿಂದ ಮುಗಿಯುವ ದಿನಕ್ಕೆ ಎಷ್ಟು ದಿನ ಹಿಡಿಯಿತು. ಇಲ್ಲಿ ಸರಾಸರಿ ಬೇಡ, ಮಧ್ಯಾಂಕ ತಗೊಳ್ಳಿ. ಮಧ್ಯಾಂಕ ಅಂದರೆ ಎಲ್ಲ ಸಂಖ್ಯೆಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ. 3, 4, 4, 5, 44 ದಿನ ಹಿಡಿದ ಐದು ಕೆಲಸಗಳಿವೆ ಅಂದುಕೊಳ್ಳಿ. ಸರಾಸರಿ 12 ದಿನ, ಆದರೆ ಯಾವ ಕೆಲಸವೂ 12 ದಿನದ ಹತ್ತಿರಕ್ಕೂ ಬಂದಿಲ್ಲ. ಮಧ್ಯಾಂಕ 4. ನಿಜಕ್ಕೆ ಹತ್ತಿರ ಇರುವುದು ಅದು. ಆ 44 ದಿನದ್ದು ಏನಾಯ್ತು ಅಂತ ಬೇರೆಯಾಗಿ ವಿಚಾರಿಸಿ.

ಮೂರನೆಯದು, ಮುಗಿಯಿತು ಅಂದುಕೊಂಡ ಮೇಲೆ ತಪ್ಪು ಸಿಕ್ಕು ವಾಪಸ್ ಬಂದ ಕೆಲಸ ಎಷ್ಟು. ಇದನ್ನು ಬಿಟ್ಟರೆ ಉಳಿದ ಎರಡೂ ಸುಳ್ಳು ಹೇಳುತ್ತವೆ.

ಎಚ್ಚರಿಕೆ: ಆಫೀಸಿನಲ್ಲಿ ಕೂತ ಗಂಟೆಗಳನ್ನು ಅಳೆಯಬೇಡಿ. ಒಬ್ಬೊಬ್ಬರ ಹೆಸರಿನ ಮುಂದೆಯೂ ಸಂಖ್ಯೆ ಬರೆಯಬೇಡಿ, ಇದು ತಂಡದ ಲೆಕ್ಕ. ಮತ್ತೆ, ಈ ಸಂಖ್ಯೆಗಳನ್ನು ಟಾರ್ಗೆಟ್ ಮಾಡಲೇಬೇಡಿ. ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞರ ಹೆಸರಿನಲ್ಲಿ ಒಂದು ನಿಯಮ ಇದೆ, 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದು. ಅದರ ಸಾರ ಇಷ್ಟೇ: ಅಳತೆಗೋಲನ್ನೇ ಗುರಿ ಮಾಡಿದರೆ ಅದು ಅಳೆಯುವುದನ್ನು ಬಿಡುತ್ತೆ. "ವಾರಕ್ಕೆ 20 ಮುಗಿಸಿ" ಅಂತ ಹೇಳಿ ನೋಡಿ. ಒಂದು ಕೆಲಸವನ್ನು ಮೂರು ತುಂಡು ಮಾಡಿ ಮೂರು ಅಂತ ಬರೆಯುವುದನ್ನು ಜನ ಎರಡೇ ವಾರದಲ್ಲಿ ಕಲಿಯುತ್ತಾರೆ. ಅವರದೂ ತಪ್ಪಲ್ಲ ಬಿಡಿ.

2. ಗೆರೆ ಎಳೆಯಿರಿ, ಒಂದು ವಾರವನ್ನು ನಂಬಬೇಡಿ

ಅಡ್ಡಕ್ಕೆ ವಾರಗಳು, ಉದ್ದಕ್ಕೆ ಸಂಖ್ಯೆ. ಮೂರು ಲೆಕ್ಕಕ್ಕೆ ಮೂರು ಗ್ರಾಫ್. ಪ್ರತಿ ಗ್ರಾಫಿನಲ್ಲೂ ಎಲ್ಲ ವಾರಗಳ ಮಧ್ಯಾಂಕದ ಮಟ್ಟದಲ್ಲಿ ಒಂದು ಅಡ್ಡಗೆರೆ ಹಾಕಿ. ಅದೇ ನಡುಗೆರೆ.

ಚುಕ್ಕಿಗಳು ಈ ನಡುಗೆರೆಯ ಮೇಲೆ ಕೆಳಗೆ ಕುಣಿಯುತ್ತಿರುತ್ತವೆ. ಅದು ಸಹಜ. ಯಾರೋ ರಜ ಹಾಕಿದರು, ಒಂದು ಕೆಲಸ ಅಂದುಕೊಂಡದ್ದಕ್ಕಿಂತ ಸುಲಭ ಇತ್ತು, ಮೇಲಿನವರ ಒಪ್ಪಿಗೆ ಎರಡು ದಿನ ತಡವಾಯಿತು. ಇಂಥ ನೂರು ಸಣ್ಣ ಕಾರಣ ಸೇರಿ ಆಗುವ ಕುಣಿತಕ್ಕೂ, ನಿಜವಾಗಿ ಏನೋ ಬದಲಾಗಿ ಆಗುವ ಇಳಿತಕ್ಕೂ ವ್ಯತ್ಯಾಸ ಹುಡುಕಬೇಕು. ಈ ವಿಚಾರ ಹಳೆಯದು. 1924ರಲ್ಲೇ ವಾಲ್ಟರ್ ಶೂಹಾರ್ಟ್ ಎಂಬುವರು ಕಾರ್ಖಾನೆಯ ಮಾಲಿನ ಗುಣಮಟ್ಟ ನೋಡಲು ಇಂಥ ನಕ್ಷೆ ಮಾಡಿದ್ದರು. ನಮಗೆ ಅದರ ಒಂದು ನಿಯಮ ಸಾಕು: ಸಾಲಾಗಿ 8 ಚುಕ್ಕಿ ನಡುಗೆರೆಯ ಒಂದೇ ಕಡೆ ಬಿದ್ದರೆ ಏನೋ ಬದಲಾಗಿದೆ ಅಂತ ತಿಳಿಯಿರಿ.

8 ಯಾಕೆ? ನಾಣ್ಯ ಚಿಮ್ಮಿ ನೋಡಿ. 8 ಸಲವೂ ಒಂದೇ ಮುಖ ಬೀಳುವ ಸಾಧ್ಯತೆ 128ರಲ್ಲಿ ಒಂದು. ಸುಮ್ನೆ ಆಗುವುದು ಅಪರೂಪ. ಸಾಲಾಗಿ ಮೂರು ಒಂದೇ ಮುಖ ಬೀಳುವುದು ನಾಲ್ಕರಲ್ಲಿ ಒಂದು ಸಲ. ಅಂದರೆ ಮೂರು ವಾರ ಕೆಲಸ ಕಮ್ಮಿಯಾಯಿತು ಅಂತ ಮೀಟಿಂಗ್ ಕರೆಯುವುದು ಬಹುತೇಕ ನಾಣ್ಯದ ಮೇಲೆ ಸಿಟ್ಟು ಮಾಡಿದ ಹಾಗೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಒಂದು ವಾರ ಕೆಲಸ ತುಂಬಾ ಕೆಟ್ಟಿತು. ಎಲ್ಲರನ್ನೂ ಕೂರಿಸಿ ಬೈದೆ. ಮುಂದಿನ ವಾರ ಕೆಲಸ ಸುಧಾರಿಸಿತು. ಬೈದದ್ದು ಕೆಲಸ ಮಾಡಿತು ಅಂದುಕೊಂಡೆ. ವರ್ಷಗಟ್ಟಲೆ ಹಾಗೇ ನಂಬಿದ್ದೆ ಕೂಡ. ನಿಜ ಏನೆಂದರೆ, ತೀರಾ ಕೆಟ್ಟ ವಾರದ ನಂತರ ಸಾಮಾನ್ಯ ವಾರ ಬರುವುದೇ ಹೆಚ್ಚು, ಬೈದರೂ ಬೈಯದಿದ್ದರೂ. ದಾಳ ಉರುಳಿಸಿ 1 ಬಿತ್ತು ಅಂದುಕೊಳ್ಳಿ. ದಾಳವನ್ನು ಬೈದು ಮತ್ತೆ ಉರುಳಿಸಿ. ಹಿಂದಿನದಕ್ಕಿಂತ ಜಾಸ್ತಿ ಬೀಳುವ ಸಾಧ್ಯತೆ 6ರಲ್ಲಿ 5. ದಾಳ ಹೆದರಿತು ಅನ್ನುತ್ತೀರಾ? ಇದಕ್ಕೆ ಸರಾಸರಿಯ ಕಡೆಗೆ ಮರಳುವುದು ಅಂತಾರೆ. ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಇದನ್ನು 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ ತೋರಿಸಿದ್ದರು. ಇದರ ಇನ್ನೊಂದು ಮುಖ ಇನ್ನೂ ಕೆಟ್ಟದ್ದು: ತುಂಬಾ ಒಳ್ಳೆಯ ವಾರ ಹೊಗಳುತ್ತೀರಿ, ಮುಂದಿನ ವಾರ ಇಳಿಯುತ್ತೆ, "ಹೊಗಳಿದರೆ ತಲೆಗೇರುತ್ತೆ" ಅಂತ ತೀರ್ಮಾನಿಸುತ್ತೀರಿ. ಹೀಗೇ ಒಳ್ಳೆಯ ಜನ ಕಟುವಾದ ಬಾಸ್ ಆಗುತ್ತಾರೆ.

3. ಗೆರೆಯ ಮೇಲೆ ಘಟನೆಗಳನ್ನು ಬರೆಯಿರಿ

ಈಗ ಕ್ಯಾಲೆಂಡರ್ ತೆಗೆಯಿರಿ. ಯಾರು ಬಂದರು, ಯಾರು ಬಿಟ್ಟರು, ಮ್ಯಾನೇಜರ್ ಯಾವಾಗ ಬದಲಾದರು, ಹೊಸ ಸಾಫ್ಟ್‌ವೇರ್ ಯಾವಾಗ ಬಂತು, ಕೂರುವ ಜಾಗ ಯಾವಾಗ ಬದಲಾಯಿತು, ದೊಡ್ಡ ಡೆಡ್‌ಲೈನ್ ಯಾವಾಗ ಇತ್ತು. ಎಲ್ಲವನ್ನೂ ಆಯಾ ವಾರದ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿ. ಅರ್ಧ ತಂಡ ರಜದಲ್ಲಿದ್ದ ವಾರವನ್ನು ಅಳಿಸಬೇಡಿ, ಅದಕ್ಕೊಂದು ಗುರುತು ಹಾಕಿ ಸಾಕು.

ಜನ ಮರೆಯುವ ಎರಡು ಸಂಗತಿ ಇಲ್ಲಿವೆ. ಒಂದು, ಕೆಲಸವೇ ಕಷ್ಟದ್ದಾಗಿರಬಹುದು. ಸುಲಭದ್ದೆಲ್ಲ ಮೊದಲ ವರ್ಷದಲ್ಲೇ ಮುಗಿದಿರುತ್ತೆ, ಈಗ ಉಳಿದಿರುವುದು ಯಾರೂ ಮುಟ್ಟದೆ ಬಿಟ್ಟ ಗಂಟುಗಳು. ಎರಡು, ಹಿಂದೆ ಮಾಡಿ ಮುಗಿಸಿದ ಕೆಲಸ ನಿಜವಾಗಿ ಮುಗಿದಿರುವುದಿಲ್ಲ. ಅದನ್ನು ನೋಡಿಕೊಳ್ಳಬೇಕು, ಅದರ ಬಗ್ಗೆ ಬರುವ ಫೋನಿಗೆ ಉತ್ತರ ಹೇಳಬೇಕು, ಕೆಟ್ಟರೆ ರಿಪೇರಿ ಮಾಡಬೇಕು. ಇದು ಮನೆ ಬಾಡಿಗೆಯ ಹಾಗೆ, ಪ್ರತಿ ತಿಂಗಳೂ ಕಟ್ಟಬೇಕು, ಮತ್ತೆ ವರ್ಷ ಕಳೆದಂತೆ ಮನೆಗಳೂ ಜಾಸ್ತಿಯಾಗುತ್ತವೆ. ಒಂದು ವಾರ ಎಲ್ಲರಿಗೂ ಹೇಳಿ: ಹೊಸ ಕೆಲಸಕ್ಕೆ ಎಷ್ಟು ಹೊತ್ತು ಸಿಕ್ಕಿತು, ಹಳೆಯದನ್ನು ನೋಡಿಕೊಳ್ಳಲು ಎಷ್ಟು ಹೋಯಿತು, ಅಂದಾಜಿಗೆ ಬರೆದುಕೊಳ್ಳಿ. ದಿನದ ಅರ್ಧ ಹಳೆಯದಕ್ಕೇ ಹೋಗುತ್ತಿದೆ ಅಂತ ಗೊತ್ತಾದರೆ ಮುಂದಿನ ಹೆಜ್ಜೆಗಳನ್ನು ಬಿಟ್ಟು ನೇರ ಎಂಟನೆಯದಕ್ಕೆ ಹೋಗಿ. ನಿಮ್ಮ ತಂಡ ನಿಧಾನವಾಗಿಲ್ಲ, ಅದರ ಹೊರೆ ಜಾಸ್ತಿಯಾಗಿದೆ.

4. ತಂಡದ ವಯಸ್ಸು ಲೆಕ್ಕ ಹಾಕಿ

ತಂಡದ ವಯಸ್ಸು ಅಂದರೆ ಜನರ ವಯಸ್ಸಲ್ಲ. ಪ್ರತಿಯೊಬ್ಬರೂ ಈ ತಂಡದಲ್ಲಿ ಎಷ್ಟು ತಿಂಗಳು ಕಳೆದಿದ್ದಾರೆ ಎಂಬುದರ ಸರಾಸರಿ. ಕಂಪನಿಯಲ್ಲಿ ಹತ್ತು ವರ್ಷ ಇದ್ದು ಈ ತಂಡಕ್ಕೆ ಹೋದ ತಿಂಗಳು ಬಂದವರ ಲೆಕ್ಕ 1 ತಿಂಗಳು.

ಇದು ಯಾಕೆ ಮುಖ್ಯ? ರಾಲ್ಫ್ ಕ್ಯಾಟ್ಸ್ ಎಂಬ ಸಂಶೋಧಕರು ಒಂದು ದೊಡ್ಡ ಸಂಶೋಧನಾ ಪ್ರಯೋಗಾಲಯದ 50 ತಂಡಗಳನ್ನು ನೋಡಿ 1982ರಲ್ಲಿ ಬರೆದದ್ದು ಇದು: ತಂಡದ ವಯಸ್ಸು ಸುಮಾರು ಒಂದೂವರೆ ವರ್ಷ ಆಗುವವರೆಗೆ ಕೆಲಸ ಏರುತ್ತಾ ಹೋಗುತ್ತೆ, ಎರಡರಿಂದ ನಾಲ್ಕು ವರ್ಷದ ನಡುವೆ ಚೆನ್ನಾಗಿರುತ್ತೆ, ಐದು ದಾಟಿದ ಮೇಲೆ ಇಳಿಯುತ್ತೆ. ಇವು ಸಂಶೋಧನೆ ಮಾಡುವ ತಂಡಗಳು ಅನ್ನುವುದನ್ನು ಮರೆಯಬೇಡಿ. ನಿಮ್ಮ ತಂಡಕ್ಕೆ ಇದೇ ವರ್ಷಗಳು ಹೊಂದಬೇಕು ಅಂತಿಲ್ಲ. ಹೊಸತನ ಕಡಿಮೆ ಬೇಕಾದ, ನುರಿತ ಕೈ ಬೇಕಾದ ಕೆಲಸದಲ್ಲಿ ಹಳೆಯ ತಂಡ ಇನ್ನೂ ಬಹಳ ಕಾಲ ಚೆನ್ನಾಗೇ ಇರಬಹುದು. ಆದರೆ ಮೊದಲು ಏರಿ, ನಿಂತು, ಆಮೇಲೆ ಬಾಗುವ ಆ ಆಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಲೆಕ್ಕದಲ್ಲಿ ಒಂದು ಮೋಸ ಇದೆ. ಐದು ಜನರ ತಂಡ. ಅವರು ತಂಡದಲ್ಲಿ ಕಳೆದ ತಿಂಗಳು 62, 60, 58, 3, 2. ಸರಾಸರಿ 37 ತಿಂಗಳು. ಮೂರು ವರ್ಷದ ಮೇಲೆ ಒಂದು ತಿಂಗಳು, ನೋಡಲು ಹದವಾದ ವಯಸ್ಸು. ಆದರೆ ಅಲ್ಲಿ 37 ತಿಂಗಳು ಒಟ್ಟಿಗೆ ಇದ್ದವರು ಯಾರೂ ಇಲ್ಲ. ಇರುವುದು ಎರಡು ತಂಡ: ಐದು ವರ್ಷದಿಂದ ಕಣ್ಸನ್ನೆಯಲ್ಲೇ ಮಾತಾಡುವ ಮೂವರು, ಆ ಸನ್ನೆ ಅರ್ಥವಾಗದೆ ಕೂತಿರುವ ಇಬ್ಬರು. ಹಾಗಾಗಿ ಸರಾಸರಿ ಬರೆದ ಮೇಲೆ ಬಿಡಿ ಸಂಖ್ಯೆಗಳನ್ನೂ ಸಾಲಾಗಿ ಬರೆದು ನೋಡಿ. ನಡುವೆ ದೊಡ್ಡ ಕಂದಕ ಕಂಡರೆ ಮುಂದಿನ ಹೆಜ್ಜೆ ನಿಮಗಾಗಿಯೇ ಇದೆ.

5. ಹೊಸ ತಂಡವಾದರೆ, ಅಥವಾ ಹೊಸಬರು ಬಂದಿದ್ದರೆ

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಗೇ ಬಂದು ನಿಲ್ಲುತ್ತವೆ.

ಬ್ರೂಸ್ ಟಕ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1965ರಲ್ಲಿ ಸಣ್ಣ ಗುಂಪುಗಳ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಬರಹಗಳನ್ನೆಲ್ಲ ಒಟ್ಟು ಹಾಕಿ ನಾಲ್ಕು ಹಂತ ಹೇಳಿದರು. ಮೊದಲು ಎಲ್ಲರೂ ಸಭ್ಯವಾಗಿ ಒಬ್ಬರನ್ನೊಬ್ಬರು ಅಳೆಯುತ್ತಾರೆ. ಆಮೇಲೆ ತಿಕ್ಕಾಟ. ನಂತರ ಒಂದು ಪದ್ಧತಿಗೆ ಬರುತ್ತಾರೆ. ಕೊನೆಗೆ ಕೆಲಸ ಹರಿಯಲು ಶುರುವಾಗುತ್ತೆ. 1977ರಲ್ಲಿ ಮೇರಿ ಆನ್ ಜೆನ್ಸನ್ ಜೊತೆ ಸೇರಿ ತಂಡ ಚದುರುವ ಐದನೇ ಹಂತವನ್ನೂ ಸೇರಿಸಿದರು. ಇದನ್ನು ಟ್ರೇನಿಂಗುಗಳಲ್ಲಿ ಮಗ್ಗಿಯ ಥರ ಹೇಳಿಕೊಡುತ್ತಾರೆ. ಆದರೆ ಟಕ್ಮನ್ ನೋಡಿದ ಗುಂಪುಗಳಲ್ಲಿ ಹೆಚ್ಚಿನವು ಮನಶ್ಶಾಸ್ತ್ರದ ಚಿಕಿತ್ಸೆ ಮತ್ತು ತರಬೇತಿಯ ಗುಂಪುಗಳು, ಆಫೀಸಿನ ತಂಡಗಳಲ್ಲ. ಆದ್ದರಿಂದ "ನಾವಿನ್ನೂ ಎರಡನೇ ಹಂತದಲ್ಲಿದ್ದೇವೆ, ಇನ್ನು ಆರು ವಾರ" ಅಂತ ಲೆಕ್ಕ ಹಾಕಲು ಇದು ಬರುವುದಿಲ್ಲ. ಎಷ್ಟೋ ತಂಡಗಳು ಎರಡನೇ ಹಂತದಲ್ಲೇ ವರ್ಷಗಟ್ಟಲೆ ಇರುತ್ತವೆ. ಇದರಿಂದ ತಗೊಳ್ಳಬೇಕಾದದ್ದು ಒಂದೇ: ಶುರುವಿನ ತಿಕ್ಕಾಟ ರೋಗ ಅಲ್ಲ.

ಹೊಸತನದ ಬೆಲೆ ಎಷ್ಟಿರಬಹುದು ಅಂತ ವಿಮಾನಗಳಿಂದ ನೋಡಿ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1978ರಿಂದ 1990ರವರೆಗಿನ 37 ದೊಡ್ಡ ವಿಮಾನ ಅಪಘಾತಗಳನ್ನು ಪರಿಶೀಲಿಸಿ 1994ರಲ್ಲಿ ವರದಿ ಕೊಟ್ಟಿತು. ಆ ಸಿಬ್ಬಂದಿ ಎಷ್ಟು ದಿನದಿಂದ ಒಟ್ಟಿಗೆ ಹಾರುತ್ತಿದ್ದರು ಅಂತ ಮಾಹಿತಿ ಸಿಕ್ಕ ಅಪಘಾತಗಳಲ್ಲಿ ಶೇಕಡಾ 73ರಷ್ಟು ನಡೆದದ್ದು ಅವರು ಒಟ್ಟಿಗೆ ಹಾರಿದ ಮೊದಲ ದಿನ. ಪೈಲಟ್‌ಗಳು ಅನುಭವ ಇಲ್ಲದವರಲ್ಲ. ಜೊತೆಗಾರ ಹೊಸಬ, ಅಷ್ಟೇ.

ಈಗ ನಿಮ್ಮ ತಂಡಕ್ಕೆ ಬನ್ನಿ. ಒಬ್ಬರು ಸೇರಿದರೆ ಒಂದು ಜೋಡಿ ಕೈ ಮಾತ್ರ ಸೇರುವುದಿಲ್ಲ. ಮಾತಾಡಬೇಕಾದ ದಾರಿಗಳೂ ಜಾಸ್ತಿಯಾಗುತ್ತವೆ. 5 ಜನರ ನಡುವೆ 10 ಜೋಡಿ. 8 ಜನ ಆದರೆ 28. 12 ಆದರೆ 66. ಜನ ಎರಡೂವರೆ ಪಟ್ಟು ಆಗುವಷ್ಟರಲ್ಲಿ ಮಾತಿನ ದಾರಿ ಆರು ಪಟ್ಟು ಮೀರುತ್ತೆ. ಲೆಕ್ಕದ ಸೂತ್ರ ಸುಲಭ: ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿ. ಐಬಿಎಮ್‌ನಲ್ಲಿ ದೊಡ್ಡ ಸಾಫ್ಟ್‌ವೇರ್ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಹೇಳಿದ್ದೂ ಇದೇ: ತಡವಾಗಿರುವ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತೆ. ಕಾರಣ ಸರಳ. ಹೊಸಬರಿಗೆ ಕಲಿಸುವವರು ಯಾರು? ಕೆಲಸ ಬಲ್ಲ ಹಳಬರೇ. ಅಂದರೆ ಮೊದಲ ಕೆಲವು ವಾರ ಹೊಸಬರಿಂದ ಏನೂ ಸಿಗುವುದಿಲ್ಲ, ಹಳಬರಿಂದ ಸಿಗುತ್ತಿದ್ದದ್ದೂ ಕಮ್ಮಿಯಾಗುತ್ತೆ.

ತಂಡ ದೊಡ್ಡದಾದಂತೆ ಇನ್ನೊಂದು ಆಗುತ್ತೆ, ಗುಂಪಿನಲ್ಲಿ ಗೋವಿಂದ. ಮ್ಯಾಕ್ಸ್ ರಿಂಗೆಲ್ಮನ್ ಎಂಬ ಫ್ರೆಂಚ್ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ 1913ರಲ್ಲಿ ಫಲಿತಾಂಶ ಬರೆದರು. 8 ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರೇ ಎಳೆದದ್ದರ ಮೊತ್ತದ ಸುಮಾರು ಅರ್ಧ ಬಲ ಮಾತ್ರ ಬಂತಂತೆ. ಇದರಲ್ಲಿ ಸ್ವಲ್ಪ ಭಾಗ ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲಾಗದ್ದು, ಸ್ವಲ್ಪ ಭಾಗ "ನಾನೊಬ್ಬ ಬಿಟ್ಟರೇನಂತೆ" ಎಂಬುದು. 1974ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು "ಹಿಂದೆ ಇನ್ನೂ ಜನ ಎಳೆಯುತ್ತಿದ್ದಾರೆ" ಅಂತ ನಂಬಿದವರು ಒಬ್ಬರೇ ಎಳೆಯುತ್ತಿದ್ದರೂ ಕಡಿಮೆ ಎಳೆದರು.

ಹಾಗಾದರೆ ಏನು ಮಾಡಬೇಕು?

ಹೊಸಬರು ಬರುವ ಮುಂಚೆಯೇ ಮೇಲಿನವರಿಗೆ ಹೇಳಿ: ಮೊದಲು ಗೆರೆ ಇಳಿಯುತ್ತೆ, ಆಮೇಲೆ ಏರುತ್ತೆ. ಇಳಿದ ಮೇಲೆ ಹೇಳಿದರೆ ನೆಪ ಅನ್ನಿಸುತ್ತೆ. ಇಬ್ಬರು ಮೂವರನ್ನು ಒಟ್ಟಿಗೇ ಸೇರಿಸಿಕೊಳ್ಳುವ ಬದಲು ಒಬ್ಬರು ಪಳಗಿದ ಮೇಲೆ ಇನ್ನೊಬ್ಬರನ್ನು ತಗೊಳ್ಳಿ. ಹೊಸಬರ ಜೊತೆ ಒಬ್ಬರನ್ನು ಹೆಸರು ಹೇಳಿ ಜೋಡಿಸಿ, ಮತ್ತೆ ಅವರ ಕೆಲಸವನ್ನು ಆ ಮಟ್ಟಿಗೆ ಕಮ್ಮಿ ಮಾಡಿ. "ಯಾರನ್ನಾದರೂ ಕೇಳಿ" ಅಂದರೆ ಯಾರನ್ನೂ ಕೇಳುವುದಿಲ್ಲ. ಮೊದಲ ವಾರವೇ ಒಂದು ಸಣ್ಣ ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ಅವರೇ ಮಾಡಲಿ, ಯಾವ ಕೆಲಸ ಯಾರ ಕೈ ದಾಟಿ ಹೋಗುತ್ತೆ ಅಂತ ಮಾಡುತ್ತಾ ಮಾಡುತ್ತಾ ಗೊತ್ತಾಗುತ್ತೆ. ಯಾರಿಗೆ ಏನು ಗೊತ್ತು ಎಂಬ ಒಂದು ಪುಟದ ಪಟ್ಟಿ ಮಾಡಿ ಎಲ್ಲರಿಗೂ ಕೊಡಿ. ಹಳೆಯ ತಂಡದ ಅರ್ಧ ವೇಗ ಬರುವುದು ಈ ಪಟ್ಟಿ ಅವರ ತಲೆಯಲ್ಲಿ ಇರುವುದರಿಂದ.

ಕಲಿಕೆ ಹೇಗೆ ಏರುತ್ತೆ ಎಂಬುದಕ್ಕೂ ಒಂದು ಆಕಾರ ಇದೆ. ವಿಮಾನ ತಯಾರಿಕೆಯಲ್ಲಿದ್ದ ಟಿ. ಪಿ. ರೈಟ್ 1936ರಲ್ಲಿ ತೋರಿಸಿದ ಲೆಕ್ಕ: ತಯಾರಾದ ವಿಮಾನಗಳ ಒಟ್ಟು ಸಂಖ್ಯೆ ಎರಡು ಪಟ್ಟಾದ ಪ್ರತಿ ಸಲ ಒಂದಕ್ಕೆ ಹಿಡಿಯುವ ಸರಾಸರಿ ಶ್ರಮ ಸುಮಾರು 20 ಶೇಕಡಾ ಇಳಿಯುತ್ತೆ. 100 ಗಂಟೆ ಇದ್ದದ್ದು 80, ಆಮೇಲೆ 64, ಆಮೇಲೆ 51. ಗಮನಿಸಿ, ಮೊದಲ ಇಳಿತಕ್ಕೆ ಎರಡನೆಯ ವಿಮಾನ ಸಾಕು, ಮೂರನೆಯ ಇಳಿತಕ್ಕೆ ಎಂಟು ಬೇಕು. ಹಾಗಾಗಿ ಮೊದಲ ತಿಂಗಳುಗಳ ವೇಗದ ಸುಧಾರಣೆ ನೋಡಿ "ವರ್ಷದ ಕೊನೆಗೆ ಇಷ್ಟಾಗುತ್ತೆ" ಅಂತ ನೇರ ಗೆರೆ ಎಳೆದು ಯಾರಿಗೂ ಮಾತು ಕೊಡಬೇಡಿ. ಸುಧಾರಣೆ ನಿಧಾನವಾಗುವುದು ಸೋಲಲ್ಲ.

6. ಡೆಡ್‌ಲೈನ್ ಇರುವ ಕೆಲಸವಾದರೆ ನಡುವಿನ ದಿನ ನೋಡಿ

ಕಾನಿ ಗರ್ಸಿಕ್ ಎಂಬುವರು 8 ತಂಡಗಳನ್ನು ಶುರುವಿನಿಂದ ಕೊನೆವರೆಗೆ ಹತ್ತಿರದಿಂದ ನೋಡಿ 1988ರಲ್ಲಿ ಬರೆದರು. ಅವುಗಳಲ್ಲಿ ಒಂದಕ್ಕೆ ಇದ್ದದ್ದು 7 ದಿನ, ಇನ್ನೊಂದಕ್ಕೆ 6 ತಿಂಗಳು. ಎಲ್ಲ ತಂಡಗಳೂ ಮೊದಲ ಸಭೆಯಲ್ಲೇ ಒಂದು ದಾರಿ ಹಿಡಿದು, ಅರ್ಧ ಸಮಯ ಕಳೆಯುವವರೆಗೆ ಅದೇ ದಾರಿಯಲ್ಲಿ ಹೋದವು. ಸರಿಸುಮಾರು ನಡುವಿಗೆ ಬಂದಾಗ ಎಚ್ಚೆತ್ತು, ಹಳೆಯದನ್ನು ಬಿಟ್ಟು ಹೊಸದಾಗಿ ಹೊರಟವು. ಅಂದರೆ ಮೊದಲ ಅರ್ಧದಲ್ಲಿ ಗೆರೆ ಮಲಗಿರುವುದು ಮಾಮೂಲು.

ನೀವು ಮಾಡಬೇಕಾದದ್ದು ಎರಡು. ಮೊದಲ ಸಭೆಯನ್ನು ಹಗುರವಾಗಿ ತಗೊಳ್ಳಬೇಡಿ, ಅಲ್ಲಿ ಬಿದ್ದ ಅಚ್ಚು ಬಹಳ ದಿನ ಉಳಿಯುತ್ತೆ. ನಡುವಿನ ದಿನವನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆ ದಿನ ಅರ್ಧ ದಿನವಾದರೂ ಬಿಡುವು ಮಾಡಿ ಕೂತು, ಏನು ಬಿಡಬೇಕು ಅಂತ ತೀರ್ಮಾನಿಸಿ. ದೊಡ್ಡ ಬದಲಾವಣೆ ಹೇಳಲು ಅದೇ ಸರಿಯಾದ ದಿನ. ಅದಕ್ಕೆ ಎರಡು ವಾರ ಮುಂಚೆ ಹೇಳಿದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ.

7. ತಂಡ ಹಳೆಯದಾಗಿದ್ದರೆ

ಕ್ಯಾಟ್ಸ್ ನೋಡಿದ ಹಳೆಯ ತಂಡಗಳಲ್ಲಿ ಮಾತು ಇಳಿದಿತ್ತು. ತಮ್ಮೊಳಗೂ ಕಮ್ಮಿ ಮಾತು, ಸಂಸ್ಥೆಯ ಬೇರೆ ವಿಭಾಗಗಳ ಜೊತೆಗೂ ಕಮ್ಮಿ, ಹೊರಗಿನ ತಜ್ಞರ ಜೊತೆಗೂ ಕಮ್ಮಿ. ಎಲ್ಲ ಗೊತ್ತಿದೆ ಅನ್ನಿಸಿದಾಗ ಕೇಳುವುದು ನಿಲ್ಲುತ್ತೆ. ಇದರ ಲಕ್ಷಣ ಹುಡುಕುವುದು ಸುಲಭ: ಮೀಟಿಂಗ್ ಬೇಗ ಮುಗಿಯುತ್ತೆ, ಯಾರೂ ಜಗಳ ಆಡುವುದಿಲ್ಲ, "ಅದನ್ನೆಲ್ಲ ಹಿಂದೆಯೇ ಮಾಡಿ ನೋಡಿದ್ದೇವೆ" ಎಂಬ ಮಾತು ವಾರಕ್ಕೆ ಮೂರು ಸಲ ಕೇಳಿಸುತ್ತೆ. ಹೊರಗಿನಿಂದ ನೋಡಿದವರಿಗೆ ಅದು ಸುಖೀ ತಂಡ. ಅಲ್ವಾ?

ತಂಡ ಒಡೆಯುವುದು ಇದಕ್ಕೆ ಮದ್ದಲ್ಲ. ಹಾಗೆ ಮಾಡಿದರೆ ಐದನೇ ಹೆಜ್ಜೆಯ ಗುಂಡಿಗೆ ನೀವೇ ಎಲ್ಲರನ್ನೂ ತಳ್ಳಿದ ಹಾಗೆ. ಒಬ್ಬರನ್ನು ಮೂರು ತಿಂಗಳು ಬೇರೆ ತಂಡಕ್ಕೆ ಕಳಿಸಿ, ಅಲ್ಲಿಂದ ಒಬ್ಬರನ್ನು ಕರೆಸಿ. ನಿಮ್ಮ ಕೆಲಸವನ್ನು ಬಳಸುವವರನ್ನು ತಿಂಗಳಿಗೊಮ್ಮೆ ಕೂರಿಸಿಕೊಂಡು ಕೇಳಿ. ಹಳಬರಲ್ಲೇ ಕೆಲಸ ಅದಲುಬದಲು ಮಾಡಿ. ಹೊಸಬರೊಬ್ಬರು ಬಂದಾಗ ಮೊದಲ ತಿಂಗಳು ಅವರಿಗೆ ವಿಚಿತ್ರ ಅನ್ನಿಸಿದ್ದನ್ನೆಲ್ಲ ಬರೆದಿಡಲು ಹೇಳಿ. ಎರಡನೇ ತಿಂಗಳಿಗೆ ಅವರಿಗೂ ಅಭ್ಯಾಸವಾಗಿ ಕಣ್ಣಿಗೆ ಬೀಳುವುದಿಲ್ಲ.

8. ಜನರನ್ನು ಕೇಳಿ, ಆಮೇಲೆ ಒಂದೇ ಒಂದನ್ನು ಬದಲಿಸಿ

ಈಗ ಗ್ರಾಫನ್ನು ತಂಡದ ಮುಂದೆ ಇಡಿ. "ಯಾಕೆ ಹೀಗಾಯಿತು" ಅಂತ ಕೇಳಬೇಡಿ, ಅದು ವಿಚಾರಣೆ ಥರ ಕೇಳಿಸುತ್ತೆ. "ಈ ವಾರ ಏನಾಗಿತ್ತು, ನಿಮಗೆ ನೆನಪಿದೆಯಾ" ಅಂತ ಕೇಳಿ. ನಿಮಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತೆ.

ಗೊತ್ತಿರುವುದನ್ನು ಹೇಳುತ್ತಾರಾ ಎಂಬುದು ಬೇರೆ ಪ್ರಶ್ನೆ. ಆಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವುದರ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ್ದು ಒಂದು ವಿಚಿತ್ರ: ಚೆನ್ನಾಗಿ ಹೊಂದಿಕೊಂಡ ತಂಡಗಳಲ್ಲೇ ದಾಖಲಾದ ತಪ್ಪುಗಳು ಜಾಸ್ತಿ ಇದ್ದವು. ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ತಪ್ಪನ್ನು ಮುಚ್ಚಿಡುತ್ತಿರಲಿಲ್ಲ ಅನ್ನುವುದು ಅದರ ಅರ್ಥ. ಇದನ್ನು ನಿಮ್ಮ ಮೂರನೇ ಗ್ರಾಫಿಗೆ ಹೊಂದಿಸಿ ನೋಡಿ. ಹೊಸ ಮ್ಯಾನೇಜರ್ ಬಂದ ಮೇಲೆ ತಪ್ಪುಗಳ ಸಂಖ್ಯೆ ಏರಿದ್ದರೆ, ಜನ ಈಗ ಧೈರ್ಯವಾಗಿ ಹೇಳುತ್ತಿರಬಹುದು. ದಿಢೀರ್ ಅಂತ ಸೊನ್ನೆಗೆ ಇಳಿದಿದ್ದರೆ ಖುಷಿಪಡುವ ಮುಂಚೆ, ಹೋದ ಸಲ ತಪ್ಪು ಒಪ್ಪಿಕೊಂಡವರಿಗೆ ಏನಾಯಿತು ಅಂತ ವಿಚಾರಿಸಿ.

ಕಾರಣಗಳ ಪಟ್ಟಿ ಸಿಕ್ಕಿತು. ಅದರಲ್ಲಿ ಒಂದನ್ನು ಆರಿಸಿ. ಒಂದೇ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಎಂದಿಗೂ ಗೊತ್ತಾಗುವುದಿಲ್ಲ. ಯಾವುದು ಅಂತ ತೋಚದಿದ್ದರೆ, ಅಥವಾ ಮೂರನೇ ಹೆಜ್ಜೆಯಿಂದ ನೇರ ಇಲ್ಲಿಗೆ ಬಂದವರಾದರೆ, ಕೈಯಲ್ಲಿರುವ ಅರೆಬರೆ ಕೆಲಸಗಳ ಸಂಖ್ಯೆ ಇಳಿಸಿ. ಇದಕ್ಕೆ ಗಟ್ಟಿ ಲೆಕ್ಕ ಇದೆ, ಜಾನ್ ಲಿಟಲ್ ಎಂಬ ಅಮೆರಿಕದ ಸಂಶೋಧಕರು 1961ರಲ್ಲಿ ಸಾಬೀತು ಮಾಡಿದ್ದು: ಕೈಯಲ್ಲಿರುವ ಕೆಲಸವನ್ನು ವಾರಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಸರಾಸರಿ ಎಷ್ಟು ವಾರ ಹಿಡಿಯುತ್ತೆ ಅಂತ ಸಿಗುತ್ತೆ. 30 ಕೆಲಸ ಕೈಯಲ್ಲಿ, ವಾರಕ್ಕೆ 10 ಮುಗಿಯುತ್ತೆ, ಅಂದರೆ 3 ವಾರ. ವೇಗ ಅಷ್ಟೇ ಇದ್ದು ಕೈಯಲ್ಲಿ 20 ಮಾತ್ರ ಇಟ್ಟುಕೊಂಡರೆ 2 ವಾರ. ಯಾರೂ ಜಾಸ್ತಿ ದುಡಿಯಲಿಲ್ಲ, ಹೊಸದನ್ನು ಶುರುಮಾಡುವುದನ್ನು ಸ್ವಲ್ಪ ತಡೆದಿರಿ ಅಷ್ಟೆ. ಮೇಲಿನವರಿಗೆ "ಈಗ ಬೇಡ, ಇದು ಮುಗಿದ ಮೇಲೆ" ಅನ್ನುವುದು ಮಾತ್ರ ಕಷ್ಟ. ಗ್ರಾಫ್ ತೋರಿಸಿ ಹೇಳಿದರೆ ಸ್ವಲ್ಪ ಸುಲಭವಾಗುತ್ತೆ.

9. ಎಂಟು ವಾರ ಕಾಯಿರಿ

ಬದಲಾವಣೆ ಮಾಡಿದ ವಾರದ ಮೇಲೆ ಗುರುತು ಹಾಕಿ. ಮೊದಲ ಎರಡು ವಾರ ಏನೇ ಆದರೂ ತೀರ್ಮಾನ ಬೇಡ. ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ ಅಂತ ಗೊತ್ತಾದಾಗ ಜನ ಸ್ವಲ್ಪ ದಿನ ಚುರುಕಾಗುವುದುಂಟು, ಇಲ್ಲವೇ ಹೊಸ ಪದ್ಧತಿಗೆ ಒಗ್ಗಿಕೊಳ್ಳುವಾಗ ಎಡವುವುದುಂಟು.

8 ಚುಕ್ಕಿಗಳೂ ಹಳೆಯ ನಡುಗೆರೆಯ ಒಳ್ಳೆಯ ಕಡೆ ಬಿದ್ದವಾ? ಹಾಗಾದರೆ ಆ 8 ವಾರಗಳ ಮಧ್ಯಾಂಕ ತೆಗೆದು ಹೊಸ ನಡುಗೆರೆ ಹಾಕಿ. ಹಳೆಯದನ್ನು ಅಳಿಸಬೇಡಿ, ತಿಳಿ ಬಣ್ಣದಲ್ಲಿ ಇರಲಿ. ಬೀಳಲಿಲ್ಲವಾ? ಆ ಬದಲಾವಣೆಯನ್ನು ವಾಪಸ್ ತಗೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ, ಹಾಗಾಗಿಯೇ ಎಷ್ಟೋ ತಂಡಗಳಲ್ಲಿ ಯಾಕೆ ಅಂತ ಯಾರಿಗೂ ಗೊತ್ತಿಲ್ಲದ ದಿನದ ಮೀಟಿಂಗುಗಳು, ಯಾರೂ ಓದದ ವಾರದ ವರದಿಗಳು ಗುಡ್ಡೆ ಬಿದ್ದಿರುತ್ತವೆ. ವಾಪಸ್ ತಗೊಂಡ ಮೇಲೆ ಪಟ್ಟಿಯ ಮುಂದಿನ ಕಾರಣಕ್ಕೆ ಹೋಗಿ.

ಕೆಲವರು ಕೇಳುತ್ತಾರೆ, ಈ ಗ್ರಾಫನ್ನು ಅಪ್ರೈಸಲ್ ಫೈಲಿಗೆ ಹಾಕಬಹುದಾ ಅಂತ. ಬೇಡ. ಹಾಕಿದ ದಿನವೇ ಅದರೊಳಗಿನ ಸಂಖ್ಯೆಗಳು ಕೆಡಲು ಶುರುವಾಗುತ್ತವೆ. ತಂಡ ಕೂರುವ ಕಡೆ ಗೋಡೆಗೆ ಅಂಟಿಸಿ, ಪ್ರತಿ ವಾರದ ಕೊನೆಗೆ ತಂಡದಲ್ಲೇ ಯಾರಾದರೂ ಒಬ್ಬರು, ಸರದಿಯ ಮೇಲೆ, ಒಂದು ಚುಕ್ಕಿ ಇಡಲಿ.